ಕೆಂಚಿ ಉಣ್ಣದ ನಾಲ್ಕು ವಾರ

"ಗಟ್ಟಿ ಹಿಡೀರಿ, ಮಾಸ್ತರ. ಕಾಲು ಬಿಟ್ರ ನನ್ನ ಮಾರಿ ಹರೀತೈತಿ."

ಸತ್ಯವ್ವನ ಬೆರಳು ಬೆಕ್ಕಿನ ಬಾಯೊಳಗಿತ್ತು. ಮುರುಗೆಪ್ಪ ಕೆಂಚಿಯನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದ. ಅವನ ಮುಂಗೈ ಮೇಲೆ ಆಗಲೇ ಮೂರು ಕೆಂಪು ಗೆರೆ.

"ಹಲ್ಲು ಛಲೋ ಅದಾವ. ಹುಣ್ಣಿಲ್ಲ. ಮೂಗೂ ಕಟ್ಟಿಲ್ಲ."

"ಮೂಗ್ಯಾಕ ನೋಡ್ತೀರಿ? ಉಣ್ಣೂದು ಬಾಯಿಲೆ ಅಲ್ಲೇನು?"

"ಬೆಕ್ಕು ವಾಸನಿ ಹಿಡದ ಉಣ್ತಾವ್ರಿ. ನೆಗಡಿ ಆದ್ರ ಹಾಲಿಟ್ರೂ ತಿರುಗಿ ನೋಡಂಗಿಲ್ಲ. ಇಂಗ್ಲಿಷ್ ಕಲಸವ್ರಿಗೆ ಇಷ್ಟು ಗೊತ್ತಿಲ್ಲ?"

ಅವನು ನಕ್ಕ. ಬೆಕ್ಕಿನ ಗದ್ದದ ಕೆಳಗೆ ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ಕೈ ತೆಗೆಯಲಿಲ್ಲ...

ಸತ್ಯವ್ವ ಹುಬ್ಬಳ್ಳಿಯ ದನದ ದವಾಖಾನೆಯೊಂದರಲ್ಲಿ ಚೀಟಿ ಬರೆಯುವ ಕೆಲಸದವಳು. ಎತ್ತು ತಂದವರ ಹೆಸರು, ಊರು, ಜಡ್ಡು ಬರೆದುಕೊಳ್ಳುತ್ತ ಅರ್ಧ ವೈದ್ಯಕೀಯ ಕಲಿತಿದ್ದಳು. ಕಾಲೇಜಿನ ಪರೀಕ್ಷೆಗೆ ಹೊರಗಿನಿಂದ ಕೂರುವ ಆಸೆ. ಇಂಗ್ಲಿಷ್ ಒಂದೇ ತೊಡಕು. ಹೈಸ್ಕೂಲು ಮಾಸ್ತರ ಮುರುಗೆಪ್ಪ ಕಲಿಸುತ್ತೇನೆಂದ. ದೀಪಾವಳಿ ಕಳೆದ ಮೇಲೆ ಅವಳು ಪ್ರತಿ ಭಾನುವಾರ ಬೆಂಗೇರಿಯ ಈ ಮನೆಗೆ ಬರುತ್ತಿದ್ದಳು.

ಮನೆಗೆ ಅಂದರೆ, ಮನೆಯ ಹೊರಗಿನ ಕಟ್ಟೆಗೆ.

ಆರು ವರ್ಷದ ಹಿಂದೆ ಅವಳ ಅಪ್ಪ ಗಂಗಪ್ಪ ಬೌದ್ಧ ದೀಕ್ಷೆ ತಗೊಂಡು ಬಂದು, "ಇನ್ನ ಮ್ಯಾಲೆ ನಾವು ಯಾರ ಹೊಸ್ತಿಲದ ಹೊರಗೂ ನಿಂದ್ರಂಗಿಲ್ಲ" ಎಂದಿದ್ದ. ಆ ಮಾತು ಹೊಸ್ತಿಲುಗಳಿಗೆ ಇನ್ನೂ ತಲುಪಿರಲಿಲ್ಲ.

ಪಾಠದ ನಡುವೆ ಮುರುಗೆಪ್ಪನ ತಾಯಿ ಬಸಲಿಂಗವ್ವ ಚಹಾ ತಂದು ಕಟ್ಟೆಯ ತುದಿಗೆ ಇಟ್ಟು ಒಳಗೆ ಹೋಗುವಳು. ಸತ್ಯವ್ವ ಬಶಿಗೆ ಸುರುವಿಕೊಂಡು ಕುಡಿದು, ಕಪ್ಪು ಬಶಿ ಎರಡನ್ನೂ ತಾನೇ ತೊಳೆದು, ಹೊರಗೋಡೆಯ ಗೂಡಿನಲ್ಲಿ ಇಡುವಳು. ಅವು ತನಗೆಂದೇ ಬೇರೆ ಇಟ್ಟವು ಅಂತ ಅವಳಿಗೆ ಮೊದಲ ವಾರವೇ ತಿಳಿದಿತ್ತು. ಸಿಟ್ಟು ಬಂದಿತ್ತು. ಆದರೆ ಎದುರಿಗೆ ಅವನು ಕೂತಿರುತ್ತಿದ್ದ, ಪುಸ್ತಕದ ಮೇಲೆ ಬಗ್ಗಿ, ಕೂದಲು ಹಣೆಗೆ ಬಿದ್ದು... ಅವಳು ಆ ಸಿಟ್ಟನ್ನೂ ತೊಳೆದು ಗೂಡಿನಲ್ಲಿಟ್ಟು ಹೋಗುತ್ತಿದ್ದಳು.

ಇಂದು ಪಾಠವಿಲ್ಲ. ಕೆಂಚಿ ನಾಲ್ಕು ವಾರದಿಂದ ಸರಿಯಾಗಿ ಉಣ್ಣುತ್ತಿಲ್ಲ, ಪಕ್ಕೆಲುಬು ಎಣಿಸಬಹುದು, ನೋಡ್ರಿ ಎಂದು ಅವನೇ ಕೇಳಿದ್ದ.

"ಏನು ಹಾಕ್ತೀರಿ?"

"ಹಾಲು, ರೊಟ್ಟಿ. ಮೊದಲಿನಂಗ. ಮಾರಿ ಹತ್ರ ಒಯ್ತಾಳ, ಹಿಂದಕ ಸರೀತಾಳ."

ಸತ್ಯವ್ವ ಅವನಿಂದ ಹಾಲಲ್ಲಿ ನೆನೆದ ರೊಟ್ಟಿಯ ಚೂರೊಂದನ್ನು ಇಸಿದುಕೊಂಡು ಬರೀ ನೆಲದ ಮೇಲೆ ಇಟ್ಟಳು. ಕೆಂಚಿ ಮೂಸಿ ನುಂಗಿತು. ಇನ್ನೊಂದು ಚೂರು. ಅದನ್ನೂ.

"ಹಸಿವಿ ಐತಿ. ಊಟದ ಮ್ಯಾಲೆ ಸಿಟ್ಟಿಲ್ಲ ಈಕೀಗೆ. ಎದರಾಗ ಹಾಕ್ತೀರಿ, ಅದನ್ನ ತೋರಸ್ರಿ."

ಅವನು ಹಿತ್ತಾಳೆಯ ವಾಟಗಾ ಎತ್ತಿ ತೋರಿಸಿದ. ಸಣ್ಣ ಬಾಯಿ, ಆಳವಾದ ಹೊಟ್ಟೆ, ಚೆನ್ನಾಗಿ ಬೆಳಗಿದ್ದು. "ನಮ್ಮ ಅಪ್ಪಂದು. ಇದರಾಗ ಮಜ್ಜಿಗಿ ಕುಡೀತಿದ್ದ."

"ಅದಕ್ಕ ನೋಡ್ರಿ. ಮಾರಿ ಒಳಗ ಹಾಕಿದ್ರ ಎರಡೂ ಕಡೆ ಮೀಸಿ ತಿಕ್ಕತಾವ. ಕೆಲವು ಬೆಕ್ಕಿಗೆ ಅದು ಸೇರಂಗಿಲ್ಲ. ಮೊದಲ ಎದರಾಗ ಹಾಕ್ತಿದ್ರಿ?"

"ಮೊದಲ ಹರವಾದ ಬಶಿ ಒಂದಿತ್ತು. ಪಿಂಗಾಣಿದು, ನೀಲಿ ಅಂಚಿಂದು. ಒಂದು ಕಡೆ ಚಕ್ಕಿ ಹಾರಿತ್ತು. ದೀಪಾವಳಿ ಆದಾಗಿಂದ ಎಲ್ಲಿ ಹೋತೋ..."

ಮಾತು ಮುಗಿಯುವ ಮೊದಲೇ ಅವನ ದನಿ ಸಣ್ಣದಾಯಿತು.

ಸತ್ಯವ್ವ ಪಕ್ಕಕ್ಕೆ ನೋಡಿದಳು. ಅವಳ ಚಹಾ ಆರುತ್ತಿತ್ತು. ಕಪ್ಪಿನ ಕೆಳಗೆ ಬಶಿ. ನೀಲಿ ಅಂಚು. ತುಟಿ ಕೊಯ್ದೀತೆಂದು ನಾಲ್ಕು ಭಾನುವಾರವೂ ಅವಳು ಆಚೆ ತಿರುಗಿಸಿ ಹಿಡಿದಿದ್ದ, ಚಕ್ಕೆ ಹಾರಿದ ಜಾಗ.

"ಬೂದಿ ಹಚ್ಚಿ ಮೂರು ಸಲ ತೊಳದೇನಿ, ತಂಗಿ." ಬಾಗಿಲಲ್ಲಿ ಬಸಲಿಂಗವ್ವ ನಿಂತಿದ್ದಳು. "ನಾ ಏನು ಹಂಗ ಕೊಟ್ಟಿಲ್ಲ."

"ಬೆಕ್ಕಿಗೆ ನಿಮ್ಮ ಯಜಮಾನ್ರ ವಾಟಗಾ ಕೊಟ್ರಿ. ನನಗ ಬೆಕ್ಕಿನ ಬಶಿ."

"ಆಕಿ ಮನಿಯಾಕಿ, ತಂಗಿ."

ಅವಳು ಅದನ್ನು ಬಲು ಸರಳವಾಗಿ ಹೇಳಿದಳು. ಚುಚ್ಚಬೇಕೆಂದು ಹೇಳಲಿಲ್ಲ. ಚುಚ್ಚಿದ್ದರೆ ಸತ್ಯವ್ವ ತಿರುಗಿ ಬೈಯಬಹುದಿತ್ತು.

ಅವಳು ಮುರುಗೆಪ್ಪನ ಕಡೆ ತಿರುಗಿದಳು.

"ನಿಮಗ ಗೊತ್ತಿತ್ತೇನು?"

ಇಲ್ಲ ಅನ್ನು, ಅಂತ ಅವಳ ಮನಸ್ಸು ಬೇಡಿಕೊಂಡಿತು. ಸುಳ್ಳಾದರೂ ಅನ್ನು...

ಅವನು ಸುಳ್ಳು ಹೇಳುವವನಲ್ಲ. "ಬ್ಯಾರೆ ಇಡತಾಳಂತ ಗೊತ್ತಿತ್ತು. ಯಾವ ಬಶಿ ಅಂತ... ನಾ ನೋಡಿರಲಿಲ್ಲ."

"ನಾಕು ವಾರ ನಿಮ್ಮ ಎದುರಿಗೆ ಕುಂತ ಕುಡದೇನಿ. ಬೆಕ್ಕಿನ ಪಕ್ಕಿ ಎಲಬು ಕಂಡ್ವು ನಿಮಗ."

ಅವಳು ಚಹಾವನ್ನು ಅಂಗಳಕ್ಕೆ ಚೆಲ್ಲಿದಳು. ಬಶಿಗೆ ವಾಟಗಾದ ಹಾಲು ಸುರುವಿ ಕೆಂಚಿಯ ಮುಂದೆ ಇಟ್ಟಳು. ಕೆಂಚಿ ತಲೆ ಎತ್ತದೆ, ತಳ ಕಾಣುವವರೆಗೆ ನೆಕ್ಕಿತು.

"ಜಡ್ಡು ಬೆಕ್ಕಿಗಲ್ಲ," ಎಂದಳು. ಪುಸ್ತಕ ಕಂಕುಳಲ್ಲಿ ಒತ್ತಿಕೊಂಡು ಇಳಿದು ಹೋದಳು. ತಿರುಗಿ ನೋಡಲಿಲ್ಲ. ನೋಡಬೇಕೆನಿಸಿದ್ದಕ್ಕೆ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಹತ್ತು ದಿನ ಕಳೆದವು. ಬರಲಿ ಬಿಡಲಿ, ನನಗೇನು ಎಂದು ದಿನಾ ಅಂದುಕೊಂಡಳು. ದವಾಖಾನೆಯ ಗೇಟು ಸದ್ದಾದಾಗಲೆಲ್ಲ ಪೆನ್ನು ನಿಲ್ಲುತ್ತಿತ್ತು.

ಹನ್ನೊಂದನೆಯ ದಿನ ಮಧ್ಯಾಹ್ನ ಮುರುಗೆಪ್ಪ ಬಂದ. ಕೈಯಲ್ಲಿ ಕಾಗದದ ಪೊಟ್ಟಣ.

"ಬೆಕ್ಕು ಎಲ್ಲೈತ್ರೀ ಮಾಸ್ತರ?" ಕಂಪೌಂಡರ್ ಗೌಸಮೊದ್ದೀನ ಕಣ್ಣು ಮಿಟುಕಿಸಿದ. "ಇಲ್ಲೆ ಮನಶಾರಿಗೆ ಔಷಧ ಕೊಡಂಗಿಲ್ಲ ಮತ್ತ." ಕುಡಿಯುತ್ತಿದ್ದ ಚಹಾದ ಗ್ಲಾಸನ್ನು ಹಾಗೇ ಮುಂದೆ ಚಾಚಿದ. ಮುರುಗೆಪ್ಪ ಇಸಿದುಕೊಂಡು, ಏನೂ ಯೋಚಿಸದೆ ಕುಡಿದ.

ಸತ್ಯವ್ವ ನೋಡಿದಳು. ಹೊರಗೆ ಎಷ್ಟು ಸಲೀಸು ಇವನಿಗೆ.

ಗೌಸಮೊದ್ದೀನ ಎಮ್ಮೆಯೊಂದನ್ನು ನೋಡುವ ನೆಪ ಮಾಡಿಕೊಂಡು ಹೊರಗೆ ಹೋದ.

"ಯಾಕ ಬಂದೀರಿ?"

"ಸತ್ಯಾ..." ಅವನು ಮೊದಲ ಸಲ ಹಾಗೆ ಕರೆದ. "ಪಾಠ ಹೇಳಾಕ ಬಂದಿಲ್ಲ. ಕ್ಷಮಾ ಕೇಳೂದಕ್ಕೂ ನನಗ ಬಾಯಿಲ್ಲ. ನೀ ಇಲ್ಲದ ಕಟ್ಟಿ ಮ್ಯಾಲೆ ಕುಂಡ್ರಾಕ ಆಗವಲ್ದು. ಲಗ್ನಾ ಆಗೋಣು."

ಅವಳ ಕೈಯ ಪೆನ್ನು ಚೀಟಿಯ ಮೇಲೆ ಒಂದು ದೊಡ್ಡ ಮಸಿಯ ಚುಕ್ಕೆ ಬಿಟ್ಟಿತು.

"ನಿಮ್ಮ ಅವ್ವ?"

"ಆರು ದಿನಾ ಮಾತು ಬಿಟ್ಟಿದ್ಲು. ನಾ ಊಟಾ ಬಿಟ್ಟೆ. ಮೊನ್ನೆ ಹೂಂ ಅಂದ್ಲು. ಖರೇ."

ಸಿಟ್ಟು ಎಲ್ಲಿ ಹೋಯಿತು? ಅವಳು ಹುಡುಕಿದಳು. ಕಣ್ಣು ತುಂಬಿಕೊಂಡವು, ಮುಖ ಕಿಟಕಿಯ ಕಡೆ ತಿರುಗಿಸಿದಳು. ಹತ್ತು ದಿನದಿಂದ ಕಾದಿದ್ದ ಮಾತು ಇದೇ... ಇನ್ನೇನು, ಹೂಂ ಅಂದುಬಿಡಬೇಕು.

ಮುರುಗೆಪ್ಪ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟ. ಒಂದು ಕಪ್ಪು, ಒಂದು ಬಶಿ. ಬೆಳ್ಳಗೆ ಹಾಲಿನಂಥವು. ಬಂಗಾರದ ಗೆರೆಯ ಅಂಚು.

"ಅವ್ವ ತಾನ ದುರ್ಗದಬೈಲ ಪ್ಯಾಟಿಗೆ ಹೋಗಿ ಆರಿಸಿ ತಂದಾಳ. ನಮ್ಮ ಮನ್ಯಾಗ ಇಂಥಾ ಛಲೋ ಬಶಿ ಯಾರಿಗೂ ಇಲ್ಲ."

ಅವಳು ಬಶಿಯನ್ನು ಎತ್ತಿ ಅಂಚಿನ ಸುತ್ತ ಬೆರಳಾಡಿಸಿದಳು. ಎಲ್ಲೂ ಚಕ್ಕೆ ಹಾರಿಲ್ಲ.

"ಎಷ್ಟು ಜೋಡಿ ತಂದಾರ?"

"ಒಂದ. ನಿನಗ."

"ಇದರಾಗ ನೀವು ಕುಡೀಬಹುದೇನು? ಅವರು?"

ಅವನು ನೆಲ ನೋಡಿದ. "ನಿನ್ನ ಬಿಟ್ಟ ಯಾರೂ ಮುಟ್ಟಂಗಿಲ್ಲ ಅದನ್ನ. ಅಡಗಿಮನಿ ಬಾಗಲದ ಬಾಜೂಕ ಇದಕ್ಕಂತ ಗೂಡು ಮಾಡಿಸ್ಯಾಳ. ಒಳಗ, ಸತ್ಯಾ. ಹೊರಗಲ್ಲ. ಒಂದೊಂದ ಹೆಜ್ಜಿ ಅಲ್ಲೇನು..."

ಸತ್ಯವ್ವ ಬಶಿಯನ್ನು ಕೆಳಗಿಟ್ಟಳು. ಬಹಳ ಮೆಲ್ಲಗೆ, ಒಡೆಯದ ಹಾಗೆ.

"ಕೆಂಚಿ ಹೆಂಗದಾಳ?"

"ಉಣ್ತಾಳ. ಬಶಿ ಆಕೀಗೆ ತಿರಗಿ ಕೊಟ್ಟೇವಿ. ದುಂಡಗ ಆಗ್ಯಾಳ."

"ಛಲೋ ಆತು."

ಅವಳು ಈಗ ಅವನನ್ನು ನೇರವಾಗಿ ನೋಡಿದಳು.

"ನನಗೂ ನಿಮ್ಮ ಮ್ಯಾಲೆ ಮನಸೈತಿ, ಮಾಸ್ತರ. ಮೊದಲನೇ ಪಾಠದಿಂದ ಐತಿ. ಅದನ್ನ ಇಲ್ಲ ಅಂತ ನಾ ಹೇಳಂಗಿಲ್ಲ."

ಅವನ ಮುಖ ಅರಳಿತು. ಎರಡೂ ಕೈಯಿಂದ ಕಪ್ಪನ್ನೂ ಬಶಿಯನ್ನೂ ಅವಳ ಕಡೆ ಸರಿಸಿದ.

"ಹಂಗಾದ್ರ ತಗೋ."

"ಒಲ್ಲೆ."