ಸುಧೀರನ ಕೊರಳ ಕೀಬೋರ್ಡ್

"ಬಾಯಾರ, ನನ್ನ ಮಗಾ ತೌಸಿಫ ಖೂನಿ ಮಾಡಿಲ್ರಿ! ಪೊಲೀಸ್ ಫೌಜದಾರ್ರು ಜೀಪ್ ಹತ್ತಸಾಕ ನಿಂತಾರ!"

ಮೆಹರುಬಿ ಜಿನಮತಿಬಾಯಿಯ ಹೊಸ್ತಿಲಲ್ಲೇ ಕುಸಿದಳು. ಸದಲಗಾ ಊರಿನ ನಿವೃತ್ತ ಶಿಕ್ಷಕಿ ಜಿನಮತಿಬಾಯಿ ಹಿಂದೆಯೂ ಪೊಲೀಸರಿಗೆ ಬಗೆಹರಿಯದ ಪ್ರಕರಣ ಬಿಡಿಸಿದ್ದರು. ಅವರ ಗೆಳತಿ ಸಾವಿತ್ರೆವ್ವ ಮೆಹರುಬಿಗೆ ಮೊದಲು ನೀರು ಕುಡಿಸಿದಳು. ಆಮೇಲೆ ಮೂವರೂ ಹೊರಟರು.

ಮದುವೆ ಆರ್ಕೆಸ್ಟ್ರಾದವರ ತಾಲೀಮು ಕೋಣೆಯಲ್ಲಿ ಕೀಬೋರ್ಡ್ ವಾದಕ ಸುಧೀರ ಹೆಣವಾಗಿ ಅಂಗಾತ ಬಿದ್ದಿದ್ದ. ಮೈಕ್ ಸ್ಟ್ಯಾಂಡಿನ ಕಬ್ಬಿಣದ ಬುಡದಿಂದ ಯಾರೋ ತಲೆ ಜಜ್ಜಿದ್ದರು. ನೆತ್ತರು ಗೋಡೆಗೆಲ್ಲ ಸಿಡಿದಿತ್ತು. ಗಿಟಾರಿನಂತೆ ಪಟ್ಟಿಯಿಂದ ತೂಗುಹಾಕಿಕೊಂಡು ನುಡಿಸುವ ಅವನ ಹಳೆಯ ಜಪಾನಿ ಕೀಬೋರ್ಡ್ ಕೊರಳಲ್ಲೇ ಇತ್ತು. ಸಾವಿತ್ರೆವ್ವ ಕಣ್ಣು ಮುಚ್ಚಿಕೊಂಡಳು.

ಡ್ರಮ್ ಬಾರಿಸುವ ತೌಸಿಫನ ಅಂಗಿಯೆಲ್ಲ ರಕ್ತ, ಕೈಗೆ ಬೇಡಿ. "ಬಿದ್ದಾನಂತ ಎತ್ತಾಕ ಹ್ವಾದ್ನಿರಿ," ಎಂದು ಬಿಕ್ಕಿದ.

"ಸುಳ್ಳ ಹೇಳಬ್ಯಾಡಲೇ!" ಎಂದ ಹಾಡುಗಾರ ವಿಕ್ರಾಂತ. "ಬಾಯಾರ, ನಾ ಸುಧೀರನ ಕೂಡ ಇದ್ದು, ಹೊರಗ ಬಂದು ಬಾಗಿಲದಾಗ ನಿಂತಿದ್ನಿ. ಒಳಗ ಸುಧೀರ ನುಡಸಾಕತ್ತಿದ್ದ. ಇವಾ ಒಳಗ ಹ್ವಾದಾ, ದನಿ ನಿಂತಿತು."

"ಮುಂಜಾನಿಂದ ಕರೆಂಟ ಇಲ್ಲಲ್ಲೋ?" ಎಂದರು ಜಿನಮತಿಬಾಯಿ.

"ಅದು ಬ್ಯಾಟರಿ ಸೆಲ್ಲಿನ ಮ್ಯಾಲೂ ನುಡೀತೈತ್ರಿ."

ಜಿನಮತಿಬಾಯಿ ಕೀಬೋರ್ಡಿನ ಬೆನ್ನಿನ ಮುಚ್ಚಳ ತೆರೆದು ನೋಡಿ, ಮುಚ್ಚಿದರು. ಪಕ್ಕದ ಕಟ್ಟೆಯ ಮೇಲೆ ಕುರುಡ ಹುಸೇನಮಿಯಾ ರೇಡಿಯೊ ತಬ್ಬಿಕೊಂಡು ಅಳುತ್ತಿದ್ದ. ಅವನೊಡನೆ ಎರಡು ಮಾತಾಡಿ, ಕೈಹಿಡಿದು ಒಳಗೆ ಕರೆತಂದರು. ಫೌಜದಾರರೂ ಬಂದು ನಿಂತರು.

"ಈ ಕೀಬೋರ್ಡಿನ್ಯಾಗ ಒಂದೂ ಸೆಲ್ ಇಲ್ರಿ. ಕಾಕಾ, ನಿಮ್ಮ ರೇಡಿಯೊಕ್ಕ ಸೆಲ್ ಕೊಟ್ಟವರ‍್ಯಾರು?"

"ಸುಧೀರನಽ ಮುಂಜಾನೆ ತನ್ನ ಕೀಬೋರ್ಡಿನ ಸೆಲ್ ತಗದು ಹಾಕಿ ಕೊಟ್ಟಾನ್ರಿ. 'ಕರೆಂಟ ಬರೂತನಕಾ ನಂದು ಸುಮ್ಮನ ಇರ್ಲಿ ಕಾಕಾ, ನೀ ಹಾಡ ಕೇಳು' ಅಂದಾ."

"ಅಂದಮ್ಯಾಲೆ ಇದು ಇವತ್ತ ನುಡದಽ ಇಲ್ಲ. ನುಡೀದ ದನಿ ನಿಂಗ ಹ್ಯಾಂಗ ಕೇಳಿಸ್ತೋ ವಿಕ್ರಾಂತ? ತೌಸಿಫ ಬರೂಮುಂದ ಸುಧೀರ ಜೀವಂತ ಇದ್ದಾ ಅಂತ ನಂಬಸಾಕ ಆ ಮಾತ ಕಟ್ಟಿದಿ. ಅದಕೂ ಮೊದಲ ಅವನ ಕೂಡ ಇದ್ದಾಂವ ನೀನಽ."

ವಿಕ್ರಾಂತ ಕೀಬೋರ್ಡಿನತ್ತ ಬೆರಳು ತೋರಿಸಿದ. "ಮಂದಿ ಆ ಪೆಟ್ಟಿಗಿ ನೋಡಾಕ ಬರ್ತಿದ್ರು! ಹಾಡಿ ಹಾಡಿ ನನ್ನ ಗಂಟಲಾ ಹರೀತು, ಒಬ್ಬರರೆ ನನ್ನ ನೋಡಿದ್ರೇನು?"

ಹಾಗೆನ್ನುತ್ತಲೇ ಸ್ಟ್ಯಾಂಡ್ ಎತ್ತಿ ಜಿನಮತಿಬಾಯಿಯ ತಲೆಗೆ ಬೀಸಿದ. ತೌಸಿಫ ಬೇಡಿಯ ಕೈಗಳನ್ನು ಅಡ್ಡ ಒಡ್ಡಿದ. ಎಲುಬು ಮುರಿದ ಸದ್ದು ಸಾವಿತ್ರೆವ್ವನ ಎದೆಗೇ ಬಡಿಯಿತು.

ಪೊಲೀಸರು ವಿಕ್ರಾಂತನನ್ನು ಕೆಡವಿ ಹಿಡಿದರು. ಫೌಜದಾರರು ತಾವೇ ಮೊಣಕಾಲೂರಿ, ನೋಯದಂತೆ ಮೆಲ್ಲಗೆ ತೌಸಿಫನ ಬೇಡಿ ಬಿಚ್ಚಿದರು.

"ಅಮ್ಮಾ, ಇನ್ನ ಬಾರಸಾಕ ಆಗ್ತೈತೋ ಇಲ್ಲೋ..." ಎಂದ ತೌಸಿಫ.

ಮೆಹರುಬಿ ಆ ಊದಿದ ಕೈಗಳನ್ನು ಮಡಿಲಿಗೆ ತೆಗೆದುಕೊಂಡಳು. "ಉಣಸಾಕ ನಾ ಅದೀನಿ. ನಡಿ ಮಗನಽ, ಮನೀಗೆ."