ಎರಡು ಸಲ ತಟ್ಟಿ

"ಹಿಂದಿನ ಬಾಗಿಲು ಹಾಕೋ ಮುಂಚೆ ಅಂಗೈಲಿ ಎರಡು ಸಲ ತಟ್ಟಿ, ಯಜಮಾನ್ರೇ. ಒಳಗಿಂದ ಉತ್ತರ ಬರುತ್ತಾ ಅಂತ ಒಂದು ಗಳಿಗೆ ಕಾಯಿರಿ. ಇದನ್ನ ಮಾತ್ರ ಮರೀಬೇಡಿ."

ಹಳೇ ಲಾರಿ ಮಾರುವ ಅಂಗಳದಲ್ಲಿ ಕಸ ಗುಡಿಸುತ್ತಿದ್ದ ಮುದುಕಿ ಪೊರಕೆ ನಿಲ್ಲಿಸಿ ಹೀಗೆಂದಾಗ, ಲಾರಿ ಕೊಳ್ಳಲು ಬಂದಿದ್ದ ಮೇಲ್ವಿಚಾರಕನಿಗೆ ನಗು ತಡೆಯಲಾಗಲಿಲ್ಲ.

"ಒಳಗೆ ಯಾರಿರ್ತಾರೆ ಅಜ್ಜಿ, ನಿಮ್ಮ ನೆಂಟರಾ?"

"ಈ ಗಾಡಿಗೆ ಮಾಟ ಮಾಡಿದಾರೆ. ಮಾಡಿದೋರು ಒಂದು ದಾರಿ ಮಾತ್ರ ಬಿಟ್ಟಿದಾರೆ. ಒಂದೇ ಒಂದು ದಿನ ಮನಸ್ಸಿಟ್ಟು ತಟ್ಟಿದ್ರೂ ಸಾಕು, ಬಿಚ್ಚಿಹೋಗುತ್ತೆ."

"ನೀವೇ ಮಾಡಿಸಿದ ಹಾಗೆ ಹೇಳ್ತೀರಲ್ಲ!"

ಮುದುಕಿ ನಗಲಿಲ್ಲ. ಅವನ ಮುಖವನ್ನೇ ನೋಡುತ್ತಾ ನಿಂತಳು. ಅವನು ಅವಳ ಮುಖ ನೋಡಲಿಲ್ಲ. ಗುಡಿಸುವವರ, ಹೊರುವವರ ಮುಖ ನೋಡುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇರಲಿಲ್ಲ.

ಹದಿನೆಂಟು ವರ್ಷ ಒಂದು ಗೋದಾಮಿನಲ್ಲಿ ಮೇಲ್ವಿಚಾರಕನಾಗಿ ದುಡಿದು, ಕೆಲಸ ಬಿಟ್ಟು, ಈಗ ಒಂದು ಆಸೆ ಹೊತ್ತು ಬಂದಿದ್ದ. ಆರು ಚಕ್ರದ ಈ ಮಧ್ಯಮ ಗಾತ್ರದ ಲಾರಿಯ ತಗಡಿನ ಡಬ್ಬಿಯೊಳಗೆ ಎರಡು ಮಂಚ, ಒಂದು ಒಲೆ, ಮಗಳಿಗೊಂದು ಕಿಟಕಿ ಕೂರಿಸುವುದು. ರಜೆ ಬಂದಾಗ ಹೆಂಡತಿ, ಮಗಳನ್ನು ಕರೆದುಕೊಂಡು ಊರೂರು ಸುತ್ತುವುದು. ಬೂದು ಬಣ್ಣ ಹೊಸದಾಗಿ ಬಳಿದಿತ್ತು. ಎಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಅವನು ಡಬ್ಬಿಯ ಬಾಗಿಲನ್ನು ಧಡಾರನೆ ಮುಚ್ಚಿ, ಉದ್ದನೆಯ ಕಬ್ಬಿಣದ ಚಿಲಕ ಜಡಿದ. ಜೊತೆಗೆ ಬಂದಿದ್ದ ಏಳು ವರ್ಷದ ಮಗಳು ಓಡಿಬಂದು ಪುಟ್ಟ ಅಂಗೈಯಿಂದ ಒಂದು ಸಲ ತಟ್ಟಿ, ಇನ್ನೊಂದಕ್ಕೆ ಕೈ ಎತ್ತಿದಳು.

"ಏಯ್! ಇನ್ನೊಂದ್ಸಲ ತಟ್ಟಿದ್ರೆ ನೋಡು. ಇಂಥಾ ಮೂಢನಂಬಿಕೆ ನಮ್ಮನೇಲಿ ಬೇಡ."

ಮಗಳು ಕೈಯನ್ನು ಲಂಗದ ಜೇಬಿನಲ್ಲಿ ಬಚ್ಚಿಟ್ಟುಕೊಂಡಳು.

ಲಾರಿ ಮನೆಯ ಹಿತ್ತಲಿಗೆ ಬಂತು. ಮೊದಲ ದಿನ ಡಬ್ಬಿಯ ನೆಲ ತೊಳೆಯಲು ಹೋದ ಹೆಂಡತಿ ಮೂಗು ಮುಚ್ಚಿಕೊಂಡು ಇಳಿದಳು. "ಕೂದಲು ಸುಟ್ಟ ವಾಸನೆ ರೀ." ಸಡಿಲವಾಗಿದ್ದ ಹಲಗೆಯ ಕೆಳಗೆ ಅವಳಿಗೆ ಒಂದು ಗಂಟು ಸಿಕ್ಕಿತ್ತು. ಮೂಟೆ ಹೊರುವವರು ಹಾಕಿಕೊಳ್ಳುವಂಥ ಒಂದು ಕೈಗವಸು, ಅದಕ್ಕೆ ಸುತ್ತಿದ ಕಪ್ಪು ದಾರ, ಅಂಗೈ ಜಾಗದಲ್ಲಿ ಚುಚ್ಚಿದ ಎರಡು ಮೊಳೆ, ನಡುವೆ ನರೆತ ಕೂದಲಿನ ಎಳೆಗಳು.

"ವಾಪಸ್ ಕೊಟ್ಬಿಡೋಣ ರೀ. ನನ್ನ ಮಾತು ಕೇಳಿ."

"ಕೈಗವಸು ಕಂಡು ಹೆದರೋಳು ನೀನೊಬ್ಬಳೇ" ಎಂದು ಅವನು ಗಂಟನ್ನು ಕಸದ ಬುಟ್ಟಿಗೆ ಎಸೆದ.

ಮರುದಿನದಿಂದ ಶುರುವಾಯಿತು. ನಡುಮಧ್ಯಾಹ್ನ, ಬಿಸಿಲು ನೆತ್ತಿಗೆ ಬಂದಾಗ, ಮುಚ್ಚಿದ ಲಾರಿಯೊಳಗಿಂದ ಸದ್ದು. ಡಬ್. ಡಬ್. ಸ್ವಲ್ಪ ಹೊತ್ತು ಮೌನ. ಮತ್ತೆ ಡಬ್. ಡಬ್. ಅಡುಗೆಮನೆಯಲ್ಲಿ ಹೆಂಡತಿಯ ಕೈಯ ಸೌಟು ನಿಂತುಬಿಡುತ್ತಿತ್ತು. ಅವನು ಹೋಗಿ ಬಾಗಿಲು ತೆರೆದು ತೋರಿಸುತ್ತಿದ್ದ. ಖಾಲಿ.

"ಬಿಸಿಲಿಗೆ ತಗಡು ಹಿಗ್ಗುತ್ತೆ, ಅಷ್ಟೇ. ಇನ್ಮೇಲೆ ಸದ್ದು ಬಂತು ಅಂತ ಯಾರೂ ಹತ್ರ ಹೋಗಬೇಡಿ. ಏನು ಹಿಗ್ಗುತ್ತೆ ಪುಟ್ಟಿ?"

"ತಗಡು" ಎಂದಳು ಮಗಳು, ಪಾಠ ಒಪ್ಪಿಸುವ ಹಾಗೆ.

ಈ ಮಾತನ್ನು ತಾನು ಹಿಂದೆಯೂ ಒಮ್ಮೆ ಎಲ್ಲೋ ಹೇಳಿದ್ದೇನೆ ಅನ್ನಿಸಿತು ಅವನಿಗೆ. ಎಲ್ಲಿ ಎಂದು ನೆನಪಾಗಲಿಲ್ಲ.

ವಾರದ ಕೊನೆಯ ಹೊತ್ತಿಗೆ ಸದ್ದು ಮನೆಯವರಿಗೆ ಅಭ್ಯಾಸವಾಯಿತು. ಅವತ್ತು ಅವನು ಮಂಚ ಕೂರಿಸಲು ಅಳತೆ ಪಟ್ಟಿ, ಸುತ್ತಿಗೆ ಹಿಡಿದು ಡಬ್ಬಿ ಹತ್ತಿದ. ಫೋನು ಮುಂದಿನ ಸೀಟಿನ ಮೇಲಿತ್ತು. ಒಳಗೋಡೆಗೆ ಹಳೇ ಮಾಲೀಕ ಹೊಡೆಸಿದ್ದ ಪ್ಲೈವುಡ್ ಹಾಳೆ ಉಬ್ಬಿಕೊಂಡಿತ್ತು. ಸುತ್ತಿಗೆಯ ಹಿಂಬದಿಯಿಂದ ಮೀಟಿ ಎಳೆದ. ಹಾಳೆ ಕಳಚಿ ಬಿತ್ತು.

ಹಿಂದೆ ತಗಡಿನ ತುಂಬಾ ತಗ್ಗುಗಳು. ಮುಷ್ಟಿಯ ಗಾತ್ರದವು. ಒಳಗಿನಿಂದ ಗುದ್ದಿದವು. ಎರಡೆರಡಾಗಿ.

ಬಾಗಿಲ ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ಬರೆದ ಒಂದು ಅಂಕಿ. ಹದಿನಾಲ್ಕು. ಸುತ್ತಲೂ ಬಾಲ ಎಳೆದ ಸೊನ್ನೆ. ಲೋಡು ಎಣಿಸಿ ಮುಗಿಸಿದಾಗ ಹಾಗೆ ಬಾಲ ಎಳೆಯುತ್ತಿದ್ದವನು ಗೋದಾಮಿನಲ್ಲಿ ಒಬ್ಬನೇ. ಅದು ಅವನದೇ ಬರಹ.

ಬೂದು ಬಣ್ಣದ ಕೆಳಗಿನ ಲಾರಿ ಯಾವುದೆಂದು ಆಗ ಹೊಳೆಯಿತು.

ಆರು ವರ್ಷದ ಹಿಂದೆ. ಮೂಟೆ ಹೊರುವ ಒಬ್ಬನಿಗೆ ಮಾತು ಬರುತ್ತಿರಲಿಲ್ಲ. ಎಲ್ಲರೂ ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು. ಕೂಗಲಾರದ ಅವನಿಗಾಗಿಯೇ ಹೊರುವವರೆಲ್ಲ ಸೇರಿ ಆ ನಿಯಮ ಮಾಡಿಕೊಂಡಿದ್ದರು. ಬಾಗಿಲು ಹಾಕುವ ಮುಂಚೆ ಎರಡು ಸಲ ತಟ್ಟಬೇಕು, ಒಳಗಿದ್ದರೆ ಮೌನಿ ಎರಡು ಸಲ ತಟ್ಟಿ ಉತ್ತರಿಸುತ್ತಾನೆ. ಅವತ್ತು ಮೇಲ್ವಿಚಾರಕನಿಗೆ ಊಟದ ಅವಸರ. ತಟ್ಟದೆಯೇ ಚಿಲಕ ಜಡಿದಿದ್ದ. ಲಾರಿ ಸಂಜೆಯವರೆಗೂ ಬಿಸಿಲಲ್ಲಿ ನಿಂತಿತ್ತು. ಸದ್ದು ಬರುತ್ತಿದೆ ಎಂದು ಕಾವಲುಗಾರ ಹೇಳಿದ್ದ. ಬಿಸಿಲಿಗೆ ತಗಡು ಹಿಗ್ಗುತ್ತೆ ಎಂದು ಇವನು ಹೇಳಿದ್ದ. ಸಂಜೆ ಬಾಗಿಲು ತೆಗೆದಾಗ ಮೌನಿಯಲ್ಲಿ ಉಸಿರಿರಲಿಲ್ಲ.

ಮರುದಿನ ಮೌನಿಯ ತಾಯಿ ಬಂದು ಮೇಜಿನ ಮುಂದೆ ನಿಂತಿದ್ದಳು. ಒಂದೇ ಮಾತು ಕೇಳಿದ್ದಳು. "ತಟ್ಟಿದ್ರಾ?"

"ತಟ್ಟಿದೆ. ಉತ್ತರ ಬರಲಿಲ್ಲ." ಕಾಗದದಿಂದ ತಲೆ ಎತ್ತದೆಯೇ ಹೇಳಿದ್ದ. ಮುಖ ನೋಡಿರಲಿಲ್ಲ. ಈಗ ಆ ದನಿ ಮಾತ್ರ ನೆನಪಾಯಿತು. ಲಾರಿಗಳ ಅಂಗಳದಲ್ಲಿ ಪೊರಕೆ ಹಿಡಿದು ನಿಂತವಳ ದನಿ.

ಕೂದಲು ಸುಟ್ಟ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು.

ಬಾಗಿಲ ಕಡೆ ಓಡಿದ. ಗಾಳಿಯಿರಲಿಲ್ಲ. ಆದರೂ ಬಾಗಿಲು ತಿರುಗಿತು. ಮುಚ್ಚಿತು. ಹೊರಗೆ ಚಿಲಕ ತಾನಾಗಿ ಜಾರಿ ಬಿತ್ತು. ಕತ್ತಲೆ.

ಕೂಗಿದ. ಗಂಟಲಿನಿಂದ ಗಾಳಿ ಬಂತು. ದನಿ ಬರಲಿಲ್ಲ. ಮತ್ತೆ ಬಾಯಿ ತೆರೆದ. ಬರೀ ಗಾಳಿ. ಸುತ್ತಿಗೆಗೆ ತಡಕಾಡಿದ. ಸಿಗಲಿಲ್ಲ. ತಗಡು ಕಾದ ಕಾವಲಿಯಂತಿತ್ತು. ಮುಷ್ಟಿ ಬಿಗಿದು ಗುದ್ದಿದ. ಡಬ್. ಡಬ್. ಮೂರನೆಯ ಸಲ ಕೈ ಏಳಲಿಲ್ಲ. ಯಾರೋ ಮಣಿಕಟ್ಟು ಹಿಡಿದಿದ್ದರು. ಒರಟು ಬಟ್ಟೆಯ ಕೈಗವಸು. ಒಳಗೆ ಬೆರಳುಗಳು. ಹಿಡಿತ ಸಡಿಲವಾಯಿತು. ಡಬ್. ಡಬ್. ಮತ್ತೆ ಹಿಡಿಯಿತು.

ಸ್ಕ್ರೂ ಕಿತ್ತ ತೂತೊಂದರಿಂದ ದಾರದಷ್ಟು ಬೆಳಕು ಬರುತ್ತಿತ್ತು. ಕಣ್ಣಿಟ್ಟ. ಹಿತ್ತಲು ಕಂಡಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೆಂಡತಿ ಬಂದಳು. ಹಿಂದೆ ಮಗಳು.

"ರೀ, ಊಟಕ್ಕೆ ಬನ್ನಿ! ಎಲ್ಲಿ ಹೋದರಪ್ಪ ಇವರು? ಫೋನೂ ಇಲ್ಲೇ ಬಿಟ್ಟಿದಾರೆ."

ಡಬ್. ಡಬ್.

ಹೆಂಡತಿ ಅರೆಗಳಿಗೆ ಲಾರಿಯತ್ತ ನೋಡಿದಳು. ಮಗಳು ಅವಳ ಸೀರೆ ಜಗ್ಗಿದಳು.

"ಅಮ್ಮ, ಒಳಗೆ ಯಾರೋ ಇದಾರೆ."

"ಚಿಲಕ ಹೊರಗಡೆಯಿಂದ ಬಿದ್ದಿದೆ, ಒಳಗೆ ಯಾರಿರ್ತಾರೆ ಕಂದ? ಅಪ್ಪ ಹೇಳಿಲ್ವಾ? ಏನು ಹಿಗ್ಗುತ್ತೆ?"

"ತಗಡು."

"ಜಾಣೆ. ಮೊಳೆ ತರೋಕೆ ಅಂಗಡಿಗೆ ಹೋಗಿರಬೇಕು. ಬಾ, ಆರಿಹೋಗುತ್ತೆ" ಎಂದು ಹೆಂಡತಿ ಒಳಗೆ ನಡೆದಳು.

ಮಗಳು ಹೋಗಲಿಲ್ಲ. ಹತ್ತಿರ ಬಂದಳು. ತೂತಿನ ಬೆಳಕಿಗೆ ಅಡ್ಡವಾಗಿ ಅವಳ ಪುಟ್ಟ ಅಂಗೈ ಮೇಲೆದ್ದಿತು. ತಟ್ಟು ಕಂದ. ಎರಡೇ ಸಲ. ಅವನು ದನಿಯಿಲ್ಲದ ಬಾಯಿಯನ್ನು ತೂತಿಗೆ ಒತ್ತಿದ. ಕಣ್ಣೀರು ಕಾದ ತಗಡಿನ ಮೇಲೆ ಬಿದ್ದು ಚುಯ್ ಎಂದಿತು.

ಅಂಗೈ ತಗಡಿನ ಹತ್ತಿರ ಬಂದು ನಿಂತಿತು.

"ಬೇಡಪ್ಪ, ಅಪ್ಪ ಬೈತಾರೆ" ಎಂದುಕೊಂಡು ಮಗಳು ಕೈಯನ್ನು ಲಂಗದ ಜೇಬಿಗೆ ಸೇರಿಸಿ, ಊಟಕ್ಕೆ ಓಡಿದಳು.