ಕಾಲು ಸುತ್ತಿನ ಗಾಳಿ

1997ರ ಫೆಬ್ರವರಿ 16, ಭಾನುವಾರ. ಇನ್ಸ್‌ಪೆಕ್ಟರ್ ಚಿಕ್ಕಸ್ವಾಮಿಯವರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಆ ಹೊತ್ತಿಗೆ ಶ್ರೀರಂಗಪಟ್ಟಣದ ಠಾಣೆಯ ಬಾಗಿಲಿಗೆ ಬೂಕನಕೆರೆಯ ಪುಟ್ಟಗೌರಮ್ಮ ಬಂದು ನಿಂತಳು. ಸೆರಗು ಪೂರ್ತಿ ಒದ್ದೆ. ಅವಳ ಹಿಂದೆ ಪಾಂಡವಪುರದ ಚಲುವರಾಜು ನಿಂತಿದ್ದ.

"ನನ್ ಮಗನ್ನ ನೀರಲ್ಲಿ ಮುಳುಗಿಸ್ಬುಟ್ರು ಸ್ವಾಮಿ," ಎಂದಳು ಪುಟ್ಟಗೌರಮ್ಮ.

"ಯಾರು?"

ಅವಳು ಬಾಯಿ ತೆರೆಯುವ ಮೊದಲೇ ಚಲುವರಾಜು ಹೇಳಿದ. "ಗಂಜಾಮಿನ ಮುಖ್ತಾರ್ ಅಹಮದ್ ಸಾರ್. ಸ್ಕೂಬಾ ಕಲಿಸ್ತೀನಿ ಅಂತ ಮಂಜುನಾಥನ್ನ ಮಡುವಿಗೆ ಇಳಿಸ್ದ. ಕೆಳಗೆ ಗಾಳಿ ಬರ್ನಿಲ್ಲ. ಪ್ರಾಣ ಒಂದ್ ಉಳ್ಕಂಡದೆ, ಜ್ಞಾನ ಇಲ್ಲ. ಮೈಸೂರಿನ ಆಸ್ಪತ್ರೆಗೆ ತಗಂಡ್ ಹೋದ್ರು. ಇವತ್ತೇ ಅವನ್ನ ಒಳಗೆ ಹಾಕ್ಬೇಕು."

ಚಿಕ್ಕಸ್ವಾಮಿಯವರು ಅವನನ್ನು ಬಿಟ್ಟು ತಾಯಿಯ ಕಡೆ ತಿರುಗಿದರು. "ಮಗ ಮೈಸೂರಲ್ಲಿದ್ರೆ ನೀನ್ಯಾಕಮ್ಮ ಇಲ್ಲಿದೀಯ?"

"ಮೊದ್ಲು ಕಂಪ್ಲೇಂಟು, ಆಮ್ಯಾಲೆ ಆಸ್ಪತ್ರೆ ಅಂದ್ರು ಚಲುವಪ್ಪ."

ಚಿಕ್ಕಸ್ವಾಮಿಯವರು ದೂರು ಬರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿದರು. ನಿರ್ಲಕ್ಷ್ಯದಿಂದ ತೀವ್ರ ಗಾಯ ಉಂಟುಮಾಡಿದ ಆರೋಪದಡಿ ಮುಖ್ತಾರ್ ಮೇಲೆ ಎಫ್‌ಐಆರ್ ದಾಖಲಾಯಿತು. ಆಮೇಲೆ ಠಾಣೆಯ ಜೀಪಿನಲ್ಲೇ ಅವಳನ್ನು ಮೈಸೂರಿಗೆ ಕಳಿಸಿದರು. ಹೆತ್ತವಳನ್ನು ಮಗನ ಹಾಸಿಗೆಯ ಬಳಿ ಬಿಡದೆ ಠಾಣೆಗೆ ಎಳೆತಂದ ಅವಸರ ಅವರ ಮನಸ್ಸಿಗೆ ಒಗ್ಗಲಿಲ್ಲ. ಆದರೆ ಅದು ಬಾಯಿಬಿಟ್ಟು ಆಡುವ ಮಾತಾಗಿರಲಿಲ್ಲ.

ಈ ತರಬೇತಿಯ ವಿಷಯ ಊರಿಗೆಲ್ಲ ಗೊತ್ತಿತ್ತು. ಹಿಂದೊಮ್ಮೆ ಟ್ರಾಕ್ಟರೊಂದು ನಾಲೆಗೆ ಉರುಳಿದಾಗ, ಅದರಡಿ ಸಿಕ್ಕವರನ್ನು ತೆಗೆಯಲು ನೀರಿನ ತಳದಲ್ಲಿ ನಿಂತು ಕೆಲಸ ಮಾಡಬಲ್ಲವರು ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಸಿಕ್ಕಿರಲಿಲ್ಲ. ಆಮೇಲೆ ಯುವಕರ ಸಂಘವೊಂದು ಬೆನ್ನಿಗೆ ಕಟ್ಟುವ ಗಾಳಿ ಸಿಲಿಂಡರುಗಳನ್ನು ತರಿಸಿ ಹುಡುಗರಿಗೆ ಕಲಿಸತೊಡಗಿತು. ಮೊದಲು ಕಲಿಸಿದವನು ಚಲುವರಾಜು. ಗೋವಾದಲ್ಲಿ ಕೆಲವು ತಿಂಗಳು ಇದ್ದು ಕಲಿತು ಬಂದವನು. ನೌಕಾಪಡೆಯಲ್ಲಿ ಮುಳುಗುವ ಕೆಲಸವನ್ನೇ ಮಾಡಿಕೊಂಡಿದ್ದ ಮುಖ್ತಾರ್ ಅಹಮದ್ ನಿವೃತ್ತಿಯಾಗಿ ಕೊಚ್ಚಿಯಿಂದ ಊರಿಗೆ ಬಂದ ಮೇಲೆ ಸಂಘದಲ್ಲಿ ಇಬ್ಬರು ಗುರುಗಳಾದರು. ಯಾರ ಬಳಿ ಬೇಕಾದರೂ ಕಲಿಯಬಹುದು ಎಂದರು ಸಂಘದವರು. ಒಬ್ಬೊಬ್ಬರಾಗಿ ಹುಡುಗರು ಮುಖ್ತಾರ್ ಕಡೆ ಸರಿದರು. ಕೊನೆಗೆ ಇಬ್ಬರಲ್ಲಿ ಯಾರು ಕಲಿಸುವುದು ವಾಸಿಯೋ ಅವರನ್ನೇ ಕಾಯಂ ಮಾಡುವುದೆಂದು ತೀರ್ಮಾನವಾಗಿ, ಜಿಲ್ಲೆಯ ಅಧಿಕಾರಿಗಳು ನೋಡಲು ಬರುವುದೆಂದಾಯಿತು. ಈ ಭಾನುವಾರ ಮುಖ್ತಾರ್ ಹುಡುಗರದು, ಮುಂದಿನ ಭಾನುವಾರ ಚಲುವರಾಜು ಹುಡುಗರದು.

ಸಂಜೆ ನಾಲ್ಕಕ್ಕೆ ಚಿಕ್ಕಸ್ವಾಮಿಯವರು ಮುಖ್ಯಪೇದೆ ಕುಳ್ಳಯ್ಯನನ್ನು ಕರೆದುಕೊಂಡು ಮಡುವಿನ ದಡಕ್ಕೆ ಹೋದರು. ಮುಖ್ತಾರ್ ಒದ್ದೆ ಬಟ್ಟೆಯಲ್ಲೇ ಮರಳ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಟಾರ್ಪಾಲು ಹೊದಿಸಿದ ಸಿಲಿಂಡರು. ಅದನ್ನು ಕಾಯಲು ಸಾಮಾನು ಸಾಗಿಸುವ ಟೆಂಪೋ ಚಾಲಕ ಯಾಸಿನ್ ನಿಂತಿದ್ದ.

"ಹುಡುಗನ್ನ ಮೇಲೆ ತಂದಾಗಿಂದ ಅದರ ವಾಲ್ವಿಗೆ ಯಾರೂ ಕೈ ಹಾಕಿಲ್ಲ ಸಾಬ್," ಎಂದರು ಮುಖ್ತಾರ್. "ನೇವೀಲಿ ನಮಗೆ ಅಂಗೇ ಕಲಿಸಿದ್ದು. ನಾನೂ ಮುಟ್ಟಿಲ್ಲ. ನಿಮ್ಮೋರೇ ಬಿಚ್ಚಿ ನೋಡ್ಲಿ."

ಪಂಚರನ್ನು ಕರೆಸಿ ಪಂಚನಾಮೆ ಶುರುವಾಯಿತು. ಸಿಲಿಂಡರಿನ ಕೊರಳಿಗೆ ಹಸಿರು ಬಟ್ಟೆಯ ತುಂಡು ಕಟ್ಟಿತ್ತು. ಮೀಟರಿನ ಮುಳ್ಳು ಗಾಳಿ ಮುಕ್ಕಾಲಿಗೂ ಮಿಗಿಲು ಇದೆಯೆಂದು ತೋರಿಸುತ್ತಿತ್ತು.

"ಗಾಳಿ ತುಂಬಿರೋ ಸಿಲಿಂಡರು ಹೊತ್ತೋನು ಗಾಳಿ ಇಲ್ದೆ ಹೆಂಗೆ ಮುಳುಗಿದ?"

"ವಾಲ್ವು ಮುಚ್ಚಿ ನೋಡಿ. ಬಲಕ್ಕೆ."

ಕುಳ್ಳಯ್ಯ ತಿರುಗಣೆ ಹಿಡಿದು ಬಲಕ್ಕೆ ತಿರುಗಿಸಿದ. ಕೈ ಹಿಡಿದಷ್ಟೇ ಬೇಗ ನಿಂತಿತು. "ಅಷ್ಟೇ ಸಾ. ಕಾಲು ಸುತ್ತು. ನಮ್ಮನೆ ಬೀದಿ ನಲ್ಲೀನೆ ಇದಕ್ಕಿಂತ ಹೆಚ್ಗೆ ತಿರ್ಗುತ್ತೆ."

ಮುಖ್ತಾರ್ ಕಣ್ಣು ಮುಚ್ಚಿಕೊಂಡರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ವಾಲ್ವು ತೆರೆದಿದ್ದದ್ದು ಕಾಲು ಸುತ್ತು ಮಾತ್ರ. ಅಷ್ಟು ಕಿಂಡಿ ಬಿಟ್ಟರೆ ದಡದಲ್ಲಿ ಉಸಿರಿಗೆ ಸಾಲುತ್ತದೆ. ಆಳಕ್ಕೆ ಹೋದಷ್ಟೂ ಪ್ರತಿ ಉಸಿರಿಗೂ ಹೆಚ್ಚು ಗಾಳಿ ಬೇಕು, ಕಿಂಡಿ ಕೊಡುವುದಿಲ್ಲ. ಸುಮ್ಮನೆ ನೋಡಿದರೆ ಮುಳ್ಳು ತುಂಬಿದೆ ಅನ್ನುತ್ತದೆ. ಉಸಿರು ಎಳೆಯುತ್ತಾ ನೋಡಿದರೆ ಮಾತ್ರ ಕಳ್ಳತನ ತಿಳಿಯುತ್ತದೆ.

"ಕಣ್ಣು ಮುಳ್ಳಿನ ಮೇಲಿಟ್ಟು ಜೋರಾಗಿ ಮೂರು ಉಸಿರು ಎಳೀಬೇಕು. ವಾಲ್ವು ಸರಿ ಇಲ್ದಿದ್ರೆ ಮುಳ್ಳು ಧಡಕ್ಕಂತ ಬಿದ್ದು ಏಳ್ತದೆ. ಇದನ್ನ ದಡದ ಮೇಲೇ ದಿನಗಟ್ಟಲೆ ಮಾಡಿಸ್ತೀನಿ. ನೋಡ್ದೇನೋ ಅಂದೆ, ನೋಡ್ದೆ ಸಾರ್ ಅಂದ. ಅಧಿಕಾರಿಗಳ ಕಡೆ ತಿರುಗ್ಬುಟ್ಟೆ. ಖುದ್ದು ನೋಡ್ಬೇಕಿತ್ತು."

"ಅಂದ್ರೆ ತಪ್ಪು ನಿಮ್ದೇ ಅಂತೀರಾ?"

"ನೋಡ್ದೇ ಇದ್ದ ತಪ್ಪು ನಂದೇ ಸಾಬ್. ಕಾಲು ಸುತ್ತು ನಂದಲ್ಲ."

ಮಾರನೆಯ ದಿನ ಮೇಲಿನವರಿಂದ ಫೋನು ಬಂತು. ಅಧಿಕಾರಿಗಳ ಕಣ್ಣೆದುರಿಗೇ ನಡೆದದ್ದು, ಮುಖ್ತಾರ್‌ನನ್ನು ಇನ್ನೂ ಯಾಕೆ ಬಂಧಿಸಿಲ್ಲ ಎಂದು ಕೇಳಿದರು. ಚಿಕ್ಕಸ್ವಾಮಿಯವರು ಬುಧವಾರದ ತನಕ ಕಾಲ ಕೇಳಿದರು. ಅಷ್ಟರಲ್ಲಿ ಬೇರೆ ಯಾರೂ ಸಿಗದಿದ್ದರೆ ಮುಖ್ತಾರ್ ಜೈಲಿಗೆ ಹೋಗಬೇಕಿತ್ತು. ಇಡೀ ನೌಕರಿಯಲ್ಲಿ ಉಳಿಸಿಕೊಂಡ ಹೆಸರು ಹುಟ್ಟಿದೂರಲ್ಲೇ ಮಡುವಿನ ಪಾಲಾಗುತ್ತಿತ್ತು.

ಕಲಿಯುತ್ತಿದ್ದವರನ್ನೆಲ್ಲ ಠಾಣೆಗೆ ಕರೆಸಿ ಒಬ್ಬೊಬ್ಬರನ್ನೇ ವಿಚಾರಿಸಿದರು. ಅವರಲ್ಲಿ ನಾಗಮಂಗಲದ ನಾಗರಾಜು ಇಬ್ಬರ ಬಳಿಯೂ ಕಲಿತವನು.

"ಇಬ್ರಲ್ಲಿ ಯಾರು ವಾಸಿ?"

ನಾಗರಾಜು ತಲೆ ಕೆರೆದುಕೊಂಡ. "ಚಲುವಣ್ಣನ ಹತ್ರ ಹೋದ್ರೆ ಮೊದಲ್ನೇ ದಿನವೇ ನೀರಿಗೆ ಇಳಿಸ್ತಾರೆ ಸಾ. ಹೆಗಲ ಮ್ಯಾಲೆ ಕೈ ಹಾಕಿ, ಬಾರ್ಲಾ ಮೀನು ನೋಡ್ಕಂಡ್ ಬರವ ಅಂತಾರೆ. ಸಂಜೆ ಮನ್ಗೆ ಕರ್ಕಂಡೋಗಿ ಉಣ್ಣಕ್ಕಿಕ್ತಾರೆ. ಮುಖ್ತಾರ್ ಸಾರು ವಾರಗಟ್ಲೆ ಪಾದನೂ ನೆನೆಸ್ಗೊಡಲ್ಲ. ಮಾಡಿದ್ದನ್ನೇ ಮಾಡಿಸ್ತಾರೆ. ನಕ್ರೆ ತಿರ್ಗಾ ಮಾಡಿಸ್ತಾರೆ."

"ಹಂಗಾದ್ರೆ ಚಲುವರಾಜು ವಾಸಿ ಅನ್ನು."

"ಸಂತೋಷಕ್ಕೆ ಚಲುವಣ್ಣ ಸಾ. ಕೆಳೀಕ್ ಹೋದ್ಮ್ಯಾಲೆ ಮುಖ್ತಾರ್ ಸಾರು."

ಚಿಕ್ಕಸ್ವಾಮಿಯವರು ಇನ್ನೊಂದು ಕೇಳಿದರು. "ವಾಲ್ವು ತೆರೆಯೋದು ಇಬ್ರೂ ಒಂದೇ ಥರ ಹೇಳ್ಕೊಡ್ತಾರಾ?"

"ಇಲ್ಲ. ಪೂರ್ತಿ ತೆರ್ದು ಕಾಲು ಸುತ್ತು ವಾಪಸ್ ತಿರ್ಗಿಸ್ಬೇಕು ಅಂತಾರೆ ಚಲುವಣ್ಣ. ಪೂರ್ತಿ ತೆರ್ದು ಕೈ ತಗೀರ್ಲಾ ಅಂತಾರೆ ಮುಖ್ತಾರ್ ಸಾರು. ವಾಪಸ್ ತಿರ್ಗಿಸೋ ಅಭ್ಯಾಸ ಇದ್ರೆ ಒಂದಿನ ಮುಚ್ಬುಟ್ಟು ಕಾಲು ಸುತ್ತು ತೆರೀತೀರ ಅಂತ ಬೈತಾರೆ."

ಹಾಗಾದರೆ ಇದು ಚಲುವರಾಜು ಬಳಿ ಪಳಗಿದ ಯಾರದೋ ಕೈತಪ್ಪು ಇರಬಹುದೆಂದು ಕುಳ್ಳಯ್ಯನಿಗೆ ಅನ್ನಿಸಿತು. ಆದರೆ ಅವತ್ತು ವಾಲ್ವು ತೆರೆದವನು ಯಾಸಿನ್ ಒಬ್ಬನೇ ಎಂದು ಎಲ್ಲರೂ ಹೇಳಿದರು. ಯಾಸಿನ್ ಸ್ಕೂಬಾ ಕಲಿತವನೇ ಅಲ್ಲ.

"ಮುಖ್ತಾರ್ ಭಾಯಿ ಎದುರಿಗೇ ಪೂರಾ ತೆರೆದಿಟ್ಟೆ ಸಾಬ್. ಹಸಿರು ಬಟ್ಟೆದು ಅವರ್ದೇ ಸಿಲಿಂಡರು, ಬೇರೆಯವರಿಗೆ ಕೊಡೋದೇ ಇಲ್ಲ. ಅವತ್ತು ಮಂಜುನಾಥನ ಸಿಲಿಂಡರಲ್ಲಿ ಗಾಳಿ ಸೋರ್ತಿತ್ತು. ಇಳಿಯೋ ಹೊತ್ತಿಗೆ ಇದನ್ನ ಕಟ್ಕೋ ಅಂತ ಕೊಟ್ಬಿಟ್ರು."

ಚಿಕ್ಕಸ್ವಾಮಿಯವರ ಲೇಖನಿ ನಿಂತಿತು. ಕೈ ಹಾಕಿದವನು ಯಾರೇ ಆಗಲಿ, ಅವನ ಕಣ್ಣು ಇದ್ದದ್ದು ಮಂಜುನಾಥನ ಮೇಲಲ್ಲ, ಮುಖ್ತಾರ್ ಮೇಲೆ.

"ತೆರೆದಿಟ್ಟ ಮೇಲೆ ನೀನು ಅಲ್ಲೇ ಇದ್ಯಾ?"

"ಅಧಿಕಾರಿಗಳಿಗೆ ಟೀ ತರಕ್ಕೆ ಹೋಗಿದ್ದೆ."

ದಡದ ಮೇಲೆ ಟೀ, ಬೋಂಡ ಮಾರುವವಳು ಮಂಗಳಮ್ಮ. ಅವಳ ಅಂಗಡಿಯ ಬೆಂಚಿನಲ್ಲಿ ಕುಳಿತರೆ ಮರದಡಿ ಸಿಲಿಂಡರು ಇಟ್ಟಿದ್ದ ಜಾಗ ಕೈ ಚಾಚುವಷ್ಟು ಹತ್ತಿರ ಕಾಣುತ್ತಿತ್ತು.

"ಅವತ್ತು ಆ ಮರದಡಿ ಯಾರು ಬಂದಿದ್ರು?"

"ಚಲುವಣ್ಣ ಬಂದಿದ್ರು. ಬೋಂಡ ಕೊಡ್ಲಾ ಅಂದ್ರೆ ಮಾತೇ ಆಡ್ನಿಲ್ಲ. ಹೋಗಿ ಅವುಗಳ ಪಕ್ಕ ಕುಂತ್ಕಂಡ್ರು. ಕಂಡೋರ ಎತ್ತು ನೋಡೋರಂಗೆ ಸವರಿ ಸವರಿ ನೋಡ್ತಿದ್ರು."

"ಎಲ್ಲಾನೂ ಸವರಿದ್ರಾ?"

"ಹಸ್ರು ಬಟ್ಟೆ ಕಟ್ಟಿತ್ತಲ್ಲ, ಅದ್ನೇ. ಅದ್ರ ಬುರುಡೆ ಹಿಡ್ದು ತಿರುವಿದ್ರು. ಅವ್ರೂ ಗುರುಗಳೇ ಅಲ್ವಾ, ಏನೋ ಸರಿ ಮಾಡ್ತಾವ್ರೆ ಅಂದ್ಕಂಡೆ."

ಅವಳ ಹೇಳಿಕೆಯನ್ನು ಅಲ್ಲೇ ಬರೆದುಕೊಂಡರು.

ಮಂಗಳವಾರ ಮಂಜುನಾಥನಿಗೆ ಮಾತು ಬಂತು. ಚಿಕ್ಕಸ್ವಾಮಿಯವರು ಮೈಸೂರಿನ ಆಸ್ಪತ್ರೆಗೆ ಹೋದಾಗ ಪುಟ್ಟಗೌರಮ್ಮ ಮಗನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು.

"ಇಳಿಯೋ ಮುಂಚೆ ನೋಡ್ಕಂಡ್ಯಾ?"

"ನೋಡ್ದೆ ಸಾ. ಮುಳ್ಳು ತುಂಬಿತ್ತು. ಒಂದು ಉಸ್ರು ಎಳ್ದೆ. ಗಾಳಿ ಬಂತು."

"ಉಸಿರು ಎಳೀತಾ ಮುಳ್ಳು ನೋಡ್ಬೇಕು ಅಂತ ಮುಖ್ತಾರ್ ಕಲಿಸಿರ್ಲಿಲ್ವಾ?"

ಹುಡುಗ ಗೋಡೆಯ ಕಡೆ ಮುಖ ಮಾಡಿದ. ಅವನ ತಾಯಿ ಚಮಚ ಕೆಳಗಿಟ್ಟಳು.

"ಕಲ್ಸಿದ್ರು. ದಿನಾ ಅಂಗೇ ಮಾಡ್ತಿದ್ದೆ. ಅವತ್ತು ಚಲುವಣ್ಣ ಎದ್ರುಗೇ ನಿಂತಿದ್ರು ಸಾ. ನನ್ನನ್ನೇ ನೋಡ್ತಿದ್ರು. ನಂಗೆ ಮೊದ್ಲು ನೀರೊಳ್ಗೆ ಕಣ್ ಬುಡ್ಸಿದ್ದು ಅವ್ರು. ಅವ್ರನ್ನ ಬುಟ್ಟು ಬಂದೆ ಅಂತ ಮೊದ್ಲೇ ನೊಂದ್ಕಂಡಿದ್ರು. ಅವ್ರ ಮುಂದೇನೇ ಇನ್ನೊಬ್ರ ಥರ ಮಾಡಕ್ಕೆ ಮನಸ್ಸು ಬರ್ನಿಲ್ಲ. ಅವ್ರು ಹೇಳ್ಕೊಟ್ಟಂಗೇ ಮುಳ್ಳು ನೋಡಿ, ಒಂದೇ ಉಸ್ರು ಎಳ್ದು ಇಳ್ದೆ."

ಚಿಕ್ಕಸ್ವಾಮಿಯವರು ಅದನ್ನು ಇನ್ನೊಮ್ಮೆ ಹೇಳಿಸಿ ಅವನ ಮಾತಿನಲ್ಲೇ ದಾಖಲಿಸಿದರು.

19ನೇ ತಾರೀಖು ಬೆಳಿಗ್ಗೆ ಪಾಂಡವಪುರದ ಮನೆಯಲ್ಲಿ ಚಲುವರಾಜು ಎಮ್ಮೆ ಮೈ ತೊಳೆಯುತ್ತಿದ್ದ. ಜೀಪು ಕಂಡು ಕೈಯಲ್ಲಿದ್ದ ಹುಲ್ಲಿನ ಉಂಡೆ ಬಕೆಟ್ಟಿಗೆ ಹಾಕಿದ.

"ಮುಖ್ತಾರ್ ಒಪ್ಕಂಡ್ನಾ ಸಾರ್?"

"ಹಸಿರು ಬಟ್ಟೆ ಕಟ್ಟಿರೋ ಸಿಲಿಂಡರು ಯಾರ್ದು ಚಲುವರಾಜು?"

ಅವನು ಬಕೆಟ್ಟನ್ನು ಪಕ್ಕಕ್ಕೆ ಸರಿಸಿದ.

"ಅದನ್ನ ಅವತ್ತು ಯಾಕೆ ತಿರುವಿದೆ? ಮಂಗಳಮ್ಮ ನೋಡವಳೆ."

ಚಲುವರಾಜು ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಅವನಾಗಿಯೇ ಹೇಳತೊಡಗಿದ.

"ಈ ಸೀಮೆಯೋರಿಗೆ ನೀರೊಳ್ಗೆ ಉಸ್ರಾಡೋದ್ ಕಲ್ಸಿದ್ದು ನಾನು. ಕೊಚ್ಚಿಯಿಂದ ಬಂದ್ಬುಟ್ಟ. ನಾನ್ ಕಲ್ಸಿದ್ದೆಲ್ಲಾ ತಪ್ಪು ಅಂದ."

"ಅಂದ್ನಾ?"

"ಬಾಯ್ಬುಟ್ಟು ಅನ್ಲಿಲ್ಲ. ಅಂದಿದ್ರೆ ಜಗಳ ಆಡಿ ಮುಗಿಸ್ಬುಡ್ತಿದ್ದೆ. ನನ್ ಹತ್ರ ಎರಡ್ ವರ್ಷ ಕಲ್ತೋರನ್ನ ತಿರ್ಗಾ ಒಂದ್ನೇ ಕ್ಲಾಸಿಂದ ಕೂರಿಸ್ದ. ನಾನ್ ಬಂದ್ರೆ ಎದ್ದು ಸಲಾಂ ಹೊಡೀತಿದ್ದ. ಅದು ಇನ್ನೂ ಉರಿ ಸಾರ್. ಅವತ್ತು ಮೊದ್ಲು ಅವನೇ ಇಳೀತಾನೆ ಅಂದಿದ್ರು. ಅಧಿಕಾರಿಗಳ ಮುಂದೆ ಬಾಯ್ ಬುಡ್ತಾ ಮ್ಯಾಲಕ್ಕೆ ಬರ್ಲಿ, ನಾಕ್ ಜನ ನಗ್ಲಿ ಅಂತ ಕಾಲು ಸುತ್ತು ಉಳ್ಸಿ ಮುಚ್ದೆ. ತನ್ನೆದ್ರುಗೇ ತೆರೆಸಿದ್ದು, ತಿರ್ಗಾ ನೋಡಲ್ಲ ಅಂದ್ಕಂಡೆ. ಅವನಿಗೇನೂ ಆಗ್ತಿರ್ಲಿಲ್ಲ, ಪಳಗಿದೋನು. ಹುಡುಗನ್ ಬೆನ್ನಿಗೆ ಆ ಹಸ್ರು ಬಟ್ಟೆ ಕಂಡಾಗ..."

"ಕಂಡಾಗ ಕೂಗ್ಲಿಲ್ಲ ಯಾಕೆ?"

"ಮೂರು ಉಸ್ರು ಎಳೀತಾನೆ, ಸಿಕ್ಕಾಕತ್ತದೆ ಅಂದ್ಕಂಡೆ. ಅವನ ಶಿಷ್ಯ ತಾನೆ ಈಗ, ಅವನು ಕಲ್ಸಿದ್ದು ಎಷ್ಟರ ಮಟ್ಟಿಗದೆ ನೋಡವ ಅಂತ ನಿಂತ್ಕಂಡೆ."

ನೋಡುತ್ತಾ ನಿಂತೆ ಎಂಬ ಮಾತೇ ಅವನ ಮೇಲಿನ ಕಲಮನ್ನು ಬದಲಿಸಿತು. ಮುಖ್ತಾರ್ ಮೇಲಿನ ಆರೋಪ ಕೈಬಿಟ್ಟು, ಚಲುವರಾಜು ಮೇಲೆ ಪ್ರಾಣಕ್ಕೆ ಎರವಾಗುವುದೆಂದು ತಿಳಿದೂ ಮಾಡಿದ ಅಪರಾಧಕ್ಕೆ 308ನೇ ಕಲಂ ಹಾಕಲಾಯಿತು. ಪಂಚರ ಸಮಕ್ಷಮ ಬಂಧನದ ಪತ್ರಕ್ಕೆ ಅವನು ಸಹಿ ಮಾಡಿದ.

ಜೀಪು ಶ್ರೀರಂಗಪಟ್ಟಣದ ದಾರಿ ಹಿಡಿದ ಮೇಲೆ ಚಲುವರಾಜು ಹಿಂದಿನ ಸೀಟಿನಿಂದ ಕೇಳಿದ. "ಹುಡ್ಗ ನೆಟ್ಟಗೆ ಉಸ್ರಾಡ್ತಾವ್ನಾ ಸಾರ್?"

"ಆಡ್ತಾವ್ನೆ. ಗಂಜಿ ಕುಡೀತಾವ್ನೆ."

"ಮುಳ್ಳು ಬೀಳೋದು ಯಾಕೆ ಕಾಣ್ನಿಲ್ಲ ಅವನಿಗೆ? ಮುಖ್ತಾರ್ ಕಲ್ಸಿರ್ನಿಲ್ವಾ?"

ಹೇಳಬೇಕೋ ಬೇಡವೋ ಎಂದು ಚಿಕ್ಕಸ್ವಾಮಿಯವರು ಯೋಚಿಸಿದರು. ಕೊನೆಗೆ ಹುಡುಗ ಹೇಳಿದಷ್ಟನ್ನೇ ಹೇಳಿದರು. ನೀನು ಎದುರಿಗೆ ನಿಂತಿದ್ದೆ, ನಿನ್ನ ಮುಂದೆ ಇನ್ನೊಬ್ಬರ ಥರ ಮಾಡಲು ಮನಸ್ಸು ಬರದೆ ನೀನು ಕಲಿಸಿದ ಹಾಗೆಯೇ ಮಾಡಿದನಂತೆ.

"ನನ್ ಥರನೇ ಮಾಡ್ದನಾ?" ಎಂದ ಚಲುವರಾಜು.

ಚಿಕ್ಕಸ್ವಾಮಿಯವರು ಹಿಂತಿರುಗಿ ನೋಡಿದರು. ಅವನ ಮುಖ ಅರಳಿತ್ತು. ಬಹಳ ದಿನದಿಂದ ಕಾಯುತ್ತಿದ್ದ ಮಾತೊಂದನ್ನು ಕೇಳಿದವನ ಮುಖ ಅದು. ಜೀಪು ಒಂದೆರಡು ಮಾರು ಹೋಗುವ ತನಕ ಅದು ಹಾಗೆಯೇ ಇತ್ತು. ಆಮೇಲೆ ಅವನಿಗೆ ಅರ್ಥವಾಯಿತು. ಬೇಡಿ ಹಾಕಿದ ಎರಡು ಕೈಗಳನ್ನೂ ಬಾಯಿಗೆ ಅಡ್ಡ ಹಿಡಿದು, ಉಸಿರು ಸಿಗದವನ ಹಾಗೆ ಮುಂದಕ್ಕೆ ಬಾಗಿದ. ಕುಳ್ಳಯ್ಯ ಏನೂ ಹೇಳದೆ ಅವನ ಬೆನ್ನ ಮೇಲೆ ಕೈಯಿಟ್ಟ.